ಬರೆದಿಟ್ಟ ಕ್ಲಾಸನ್ನು ಮತ್ತೆ ಬರೆಯಬೇಡಿ, ಕರೆಯಿರಿ

ಕೊಡಿಯಾಲ್‌ಬೈಲಿನ ಕಾಲೇಜುಗಳ ಬಿಸಿಎ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯ ಗೆಳತಿಯರೇ,

ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವವರನ್ನು ನೆನೆದು ಈ ಪತ್ರ ಬರೆಯುತ್ತಿದ್ದೇನೆ. ಮಂಗಳೂರಿನ ಪಿವಿಎಸ್ ವೃತ್ತದಿಂದ ಜೈಲ್ ರೋಡಿನವರೆಗೆ, ಆಚೆ ಲೈಟ್‌ಹೌಸ್ ಹಿಲ್ಲಿನ ಏರಿನವರೆಗೆ ಎಷ್ಟೊಂದು ತರಗತಿಗಳಲ್ಲಿ ನೀವು ಪ್ರೋಗ್ರಾಮಿಂಗ್ ಕಲಿಯುತ್ತಿದ್ದೀರಿ. ಒಂದು ಸೆಮಿಸ್ಟರಿನಲ್ಲಿ ಜಾವಾ, ಇನ್ನೊಂದರಲ್ಲಿ ಪೈಥಾನ್. ಪೈಥಾನ್ ಕೈಗೆ ಬಂದ ಮೇಲೆ ಜಾವಾ ಲ್ಯಾಬ್ ರೆಕಾರ್ಡು ಕಪಾಟು ಸೇರುತ್ತದೆ. ಜಾವಾದಲ್ಲಿ ಆಗಲೇ ಸಿದ್ಧವಿರುವ ಕೆಲಸವನ್ನು ಪೈಥಾನಿನಲ್ಲಿ ಮೊದಲಿನಿಂದ ಬರೆಯಲು ಕೂರುವವರು ನಿಮ್ಮಲ್ಲಿ ಹಲವರಿದ್ದಾರೆ. ಅದು ಬೇಡ. ಒಂದು ಭಾಷೆಯಲ್ಲಿ ಕಂಪೈಲ್ ಆಗಿರುವ ಕ್ಲಾಸನ್ನು ಇನ್ನೊಂದು ಸ್ಕ್ರಿಪ್ಟಿಂಗ್ ಭಾಷೆಯಿಂದ ಕರೆಯುವ ವಿದ್ಯೆ ಇದೆ. ಅದನ್ನು ಕಲಿಯಿರಿ, ಕಲಿತು ಕನ್ನಡಕ್ಕೂ ತುಳುವಿಗೂ ಬಳಸಿ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ನಮ್ಮ ಬಡಾವಣೆಯ ಹೆಸರನ್ನೇ ತೆಗೆದುಕೊಳ್ಳಿ. ‘ಕೊಡಿಯಾಲ್‌ಬೈಲ್’ ಎಂದು ಸರಿಯಾಗಿ ಟೈಪ್ ಮಾಡಿ ಅದರ ಉದ್ದ ಎಷ್ಟೆಂದು ಪೈಥಾನನ್ನು ಕೇಳಿದರೆ 13 ಎನ್ನುತ್ತದೆ. ಓದುವ ನಮಗೆ ಕಾಣುವುದು ಆರೇ ಅಕ್ಷರ: ಕೊ, ಡಿ, ಯಾ, ಲ್, ಬೈ, ಲ್. ಗುಣಿತದ ಚಿಹ್ನೆಗಳನ್ನೂ ವಿರಾಮವನ್ನೂ ಪೈಥಾನ್ ಬೇರೆ ಬೇರೆ ಎಣಿಸುತ್ತದೆ, ಅದು ಸರಿಯೇ. ಆದರೆ ಆ 13ರಲ್ಲಿ ಒಂದು ಕಣ್ಣಿಗೆ ಕಾಣುವುದೇ ಇಲ್ಲ. ಮೊದಲ ‘ಲ್’ಗೂ ‘ಬೈ’ಗೂ ನಡುವೆ ಝಡ್‌ಡಬ್ಲ್ಯುಎನ್‌ಜೆ ಎಂಬ ಅಗಲವಿಲ್ಲದ ಸಂಕೇತವೊಂದು ಕೂತಿದೆ. ಅದಿಲ್ಲದಿದ್ದರೆ ‘ಬ’ ಒತ್ತಕ್ಷರವಾಗಿ ‘ಲ’ದ ಕೆಳಗಿಳಿದು ‘ಕೊಡಿಯಾಲ್ಬೈಲ್’ ಆಗುತ್ತದೆ. ಒಬ್ಬ ಗುಮಾಸ್ತರು ಹಾಗೆ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹೀಗೆ. ಎರಡೂ ಒಂದೇ ಏನು ಎಂದು ಸಮಚಿಹ್ನೆ ಹಾಕಿ ಕೇಳಿದರೆ ಪೈಥಾನ್ ಅಲ್ಲ ಎನ್ನುತ್ತದೆ. ಜಾವಾದ ಸ್ಟ್ರಿಂಗ್ ಕೂಡ ಅಲ್ಲ ಎನ್ನುತ್ತದೆ. ವಿಳಾಸದ ಪಟ್ಟಿಯಲ್ಲಿ ಹುಡುಕಿದರೆ ಅರ್ಧ ಜನ ಸಿಗುವುದಿಲ್ಲ.

ಇನ್ನೊಂದು ಪರೀಕ್ಷೆ ಮಾಡಿ. ಬಸಳೆ, ಬಹಳ, ಬಳೆ ಎಂಬ ಮೂರು ಪದಗಳನ್ನು ಪೈಥಾನಿನ ಪಟ್ಟಿಗೆ ಹಾಕಿ ಅಕಾರಾದಿಯಾಗಿ ವಿಂಗಡಿಸಿ. ಬಳೆ, ಬಸಳೆ, ಬಹಳ ಎಂದು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಇರುವುದು ‘ಹ’ದ ನಂತರ, ಕಟ್ಟಕಡೆಗೆ. ಯುನಿಕೋಡ್ ಕೋಷ್ಟಕದಲ್ಲಿ ಅದನ್ನು ‘ಲ’ದ ಮಗ್ಗುಲಲ್ಲಿ ಇಟ್ಟಿದ್ದಾರೆ. ಪೈಥಾನ್ ನೋಡುವುದು ಕೋಷ್ಟಕದ ಸಂಖ್ಯೆಯನ್ನು, ವರ್ಣಮಾಲೆಯನ್ನಲ್ಲ. ಹೀಗಾಗಿ ಸಾದಾ ವಿಂಗಡಣೆಯಲ್ಲಿ ಮಾಡಿದ ಕನ್ನಡದ ಪದಸೂಚಿ, ಗ್ರಂಥಾಲಯದ ಪಟ್ಟಿ, ಹಾಜರಿ ಪಟ್ಟಿ, ಯಾವುದರಲ್ಲೇ ಆಗಲಿ, ಳಕಾರ ಬಂದ ಕಡೆಯಲ್ಲೆಲ್ಲ ಕ್ರಮ ತಪ್ಪುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವುದೇನೆಂದರೆ ತಾವೇ ಒಂದು ಕೋಷ್ಟಕ ಬರೆದು ಪ್ರತಿ ಅಕ್ಷರಕ್ಕೂ ಕ್ರಮಸಂಖ್ಯೆ ಕೊಡುವುದು. ‘ಳ’ ಸರಿಹೋಗುತ್ತದೆ, ಅನುಸ್ವಾರ ಕೆಡುತ್ತದೆ. ಅನುಸ್ವಾರ ಸರಿಮಾಡಿದರೆ ಆ ಕಾಣದ ಸಂಕೇತ ಅಡ್ಡ ಬರುತ್ತದೆ. ಅದನ್ನೂ ದಾಟಿದರೆ ‘ಕೊ’ ಎಂಬಲ್ಲಿನ ಒಕಾರವನ್ನು ಕೆಲವು ಕಡತಗಳಲ್ಲಿ ಒಂದೇ ಸಂಕೇತವಾಗಿಯೂ ಕೆಲವುಗಳಲ್ಲಿ ಎರಡು ಸಂಕೇತಗಳ ಜೋಡಿಯಾಗಿಯೂ ಬರೆದಿರುತ್ತಾರೆ. ಇಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ.

ಈ ಕೆಲಸವೆಲ್ಲ ಮುಗಿದು ಬಹಳ ಕಾಲವಾಗಿದೆ. ಐಸಿಯು ಎಂಬ, ಸಿದ್ಧ ಕ್ಲಾಸುಗಳ ಕೋಶದಲ್ಲಿ ಅದು ಇದೆ. ಟ್ಯಾಲಿಜೆಂಟ್ ಎಂಬ ಕಂಪನಿಯಲ್ಲಿ ಹುಟ್ಟಿದ ಆ ಕ್ಲಾಸುಗಳಲ್ಲಿ ಕೆಲವು 1997ರ ಜಾವಾ 1.1ಕ್ಕೆ ಸೇರಿದವು. 1999ರಲ್ಲಿ ಐಬಿಎಂ ಇಡೀ ಕೋಶವನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟಿತು. 2016ರಿಂದ ಯುನಿಕೋಡ್ ಒಕ್ಕೂಟವೇ ಅದರ ಯಜಮಾನಿಕೆ ನೋಡಿಕೊಳ್ಳುತ್ತಿದೆ. ಸಿ++ನಲ್ಲಿ ಒಂದು ರೂಪ, ಜಾವಾದಲ್ಲಿ ಒಂದು ರೂಪ. ಅದರ ಕೊಲೇಟರ್ ಎಂಬ ಕ್ಲಾಸಿಗೆ ‘ಕನ್ನಡ’ ಎಂದು ಹೇಳಿದರೆ ಸಾಕು: ಅನುಸ್ವಾರ ವಿಸರ್ಗಗಳು ‘ಔ’ದ ನಂತರ ಕೂರುತ್ತವೆ, ‘ಳ’ ‘ಹ’ದ ನಂತರ ಬರುತ್ತದೆ, ಕಾಣದ ಸಂಕೇತ ಲೆಕ್ಕಕ್ಕೇ ಬರುವುದಿಲ್ಲ. ಎರಡು ಬಗೆಯಲ್ಲಿ ಬರೆದ ಕೊಡಿಯಾಲ್‌ಬೈಲ್ ಅದಕ್ಕೆ ಒಂದೇ. ಬಸಳೆ, ಬಹಳ, ಬಳೆ ಎಂಬ ಕ್ರಮ ತಾನಾಗಿ ಬರುತ್ತದೆ. ಇದನ್ನು ಪೈಥಾನಿನಲ್ಲಿ ಮತ್ತೆ ಬರೆಯುವುದರಲ್ಲಿ ಅರ್ಥವಿಲ್ಲ. ಪೈಥಾನಿನಿಂದ ಅದನ್ನು ಕರೆಯಬೇಕು.

ಹೀಗೆ ಕರೆಯುವುದು ಹೊಸದೂ ಅಲ್ಲ, ಅಡ್ಡದಾರಿಯೂ ಅಲ್ಲ. ನೀವು ಡೇಟಾ ಸೈನ್ಸ್ ಲ್ಯಾಬಿನಲ್ಲಿ ನಂಪೈ ಬಳಸುವಾಗ ಮ್ಯಾಟ್ರಿಕ್ಸ್ ಲೆಕ್ಕ ಮಾಡುವುದು ಪೈಥಾನ್ ಅಲ್ಲ, ಒಳಗಿರುವ ಸಿ ಕೋಡು ಮತ್ತು ಫೋರ್ಟ್ರಾನ್ ಪರಂಪರೆಯ ಲೇಪ್ಯಾಕ್. ಜಿಮ್ ಹ್ಯೂಗುನಿನ್ ಎಂಬ ಒಬ್ಬ ಎಂಜಿನಿಯರ್ ಈ ದಾರಿಯಲ್ಲಿ ಮಾಡಿದ ಕೆಲಸ ನೋಡಿ. ನಂಪೈಯ ಪೂರ್ವಜನಾದ ನ್ಯೂಮೆರಿಕ್ ಅವರದು. 1997ರಲ್ಲಿ ಜಾವಾ ಯಂತ್ರದ ಮೇಲೆ ಪೈಥಾನನ್ನು ಓಡಿಸಿದ ಜೆಪೈಥಾನ್ ಅವರದು, ಅದೇ ಮುಂದೆ ಜೈಥಾನ್ ಆಯಿತು. ಮೈಕ್ರೋಸಾಫ್ಟಿನ ಡಾಟ್‌ನೆಟ್ ಡೈನಾಮಿಕ್ ಭಾಷೆಗಳಿಗೆ ಒಗ್ಗುವುದಿಲ್ಲ ಎಂಬ ಮಾತನ್ನು ಪರೀಕ್ಷಿಸಲು ಹೊರಟು, ಅದು ತಪ್ಪೆಂದು ಕಂಡು ಐರನ್‌ಪೈಥಾನ್ ಕಟ್ಟಿದವರೂ ಅವರೇ. ಅದರ ಮೊದಲ ಪೂರ್ಣ ಆವೃತ್ತಿ 2006ರಲ್ಲಿ ಬಂತು. ಮೂರು ಸಲವೂ ಅವರು ಮಾಡಿದ್ದು ಒಂದೇ ಕೆಲಸ. ಬರೆಯಲು ಸುಲಭವಾದ ಭಾಷೆಯಿಂದ ಓಡಲು ಗಟ್ಟಿಯಾದ ಕೋಡಿಗೆ ದಾರಿ ಮಾಡಿಕೊಟ್ಟರು.

ಇನ್ನು ದಾರಿಗಳ ವಿಷಯ. ಜೈಥಾನಿನಲ್ಲಿ ಪೈಥಾನ್ ಕೋಡೇ ಜಾವಾ ಬೈಟ್‌ಕೋಡ್ ಆಗುತ್ತದೆ, ಆದ್ದರಿಂದ ಜಾವಾದ ಯಾವ ಕ್ಲಾಸನ್ನಾದರೂ ಇಂಪೋರ್ಟ್ ಮಾಡಬಹುದು. ಬಳಸಲು ತುಂಬ ಹಿತ. ಆದರೆ ಅದು ಇನ್ನೂ ಪೈಥಾನ್ 2.7ರಲ್ಲೇ ನಿಂತಿದೆ, ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ನಂಪೈಯೂ ಅದರಲ್ಲಿ ಓಡದು. ಹೊಸ ಪ್ರಾಜೆಕ್ಟಿಗೆ ಜೈಥಾನ್ ಬೇಡ ಎಂಬುದು ನನ್ನ ಅಭಿಪ್ರಾಯ. ಪೈಫೋರ್‌ಜೆಯದು ಬೇರೆ ರೀತಿ. ಜಾವಾ ಒಂದು ಪ್ರೋಸೆಸ್ಸಿನಲ್ಲಿ, ಪೈಥಾನ್ ಇನ್ನೊಂದರಲ್ಲಿ, ನಡುವೆ 25333ನೇ ಪೋರ್ಟಿನಲ್ಲಿ ಮಾತುಕತೆ. ಅಪಾಚೆ ಸ್ಪಾರ್ಕನ್ನು ಪೈಥಾನಿನಿಂದ ನಡೆಸುವ ಪೈಸ್ಪಾರ್ಕ್ ನಿಂತಿರುವುದು ಇದೇ ಪೈಫೋರ್‌ಜೆಯ ಮೇಲೆ. ಮೂರನೆಯದು ಜೆಪೈಪ್. ಇದು ಪೈಥಾನಿನ ಪ್ರೋಸೆಸ್ಸಿನೊಳಗೇ ಜಾವಾ ಯಂತ್ರವನ್ನು ಎಬ್ಬಿಸಿ ಜಾವಾದ ಜೆಎನ್‌ಐ ಎಂಬ ಕೊಂಡಿಯ ಮೂಲಕ ಮಾತಾಡುತ್ತದೆ. ನಿಮ್ಮ ಕೆಲಸಕ್ಕೆ ಇದೇ ಸರಿ.

ಐಸಿಯುನ ಸಿ++ ರೂಪಕ್ಕೆ ಪೈಐಸಿಯು ಎಂಬ ಸಿದ್ಧ ಹೊದಿಕೆ ಇದೆ. ಹೊದಿಕೆ ಯಾಕೆ ಬೇಕು ಎಂಬುದು ವೈವಾದಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ. ಸಿ ಭಾಷೆಯ ಫಂಕ್ಷನ್ನಿಗೆ ಕಂಪೈಲ್ ಆದ ಮೇಲೂ ಅದರ ಹೆಸರು ಉಳಿಯುತ್ತದೆ, ಹೊರಗಿನಿಂದ ಹೆಸರು ಹಿಡಿದು ಕರೆಯಬಹುದು. ಸಿ++ ಕಂಪೈಲರ್ ಹಾಗೆ ಬಿಡುವುದಿಲ್ಲ. ಕ್ಲಾಸಿನ ಹೆಸರು, ಮೆಥಡ್ಡಿನ ಹೆಸರು, ಆರ್ಗ್ಯುಮೆಂಟುಗಳ ವಿಧ ಎಲ್ಲವನ್ನೂ ಬೆಸೆದು ಬೇರೊಂದು ಹೆಸರು ಕೊಡುತ್ತದೆ, ಆ ಬೆಸುಗೆಯ ಪದ್ಧತಿ ಎಲ್ಲ ಕಂಪೈಲರುಗಳಲ್ಲೂ ಒಂದೇ ಆಗಿರುವುದಿಲ್ಲ. ಆದ್ದರಿಂದ ಯಾರಾದರೂ ಮಧ್ಯೆ ಕೂತು ಪೈಥಾನಿಗೆ ಅರ್ಥವಾಗುವಂತೆ ಹೊದಿಕೆ ಬರೆಯಬೇಕಾಗುತ್ತದೆ. ಜಾವಾದ ಕ್ಲಾಸ್ ಫೈಲು ಮಾತ್ರ ಕಂಪೈಲ್ ಆದ ಮೇಲೂ ತನ್ನ ವಿವರವನ್ನು ಪೂರ್ತಿ ಇಟ್ಟುಕೊಂಡಿರುತ್ತದೆ: ಯಾವ ಮೆಥಡ್ಡುಗಳಿವೆ, ಅವು ಏನು ತೆಗೆದುಕೊಳ್ಳುತ್ತವೆ, ಏನು ಹಿಂದಿರುಗಿಸುತ್ತವೆ. ರಿಫ್ಲೆಕ್ಷನ್ ಎಂದು ನೀವು ಓದಿದ ಪಾಠ ಇದೇ. ಜೆಪೈಪ್ ಆ ವಿವರ ಓದಿ, ಓಡುವ ಹೊತ್ತಿನಲ್ಲೇ ಪೈಥಾನಿಗೆ ಒಂದು ಕ್ಲಾಸು ಮಾಡಿಕೊಡುತ್ತದೆ. ಯಾರೂ ಹೊದಿಕೆ ಬರೆಯಬೇಕಾಗಿಲ್ಲ. ನೀವು ಜಾವಾ ಲ್ಯಾಬಿನಲ್ಲಿ ಬರೆದ ಬ್ಯಾಂಕ್ ಅಕೌಂಟ್ ಕ್ಲಾಸನ್ನು ಒಂದಕ್ಷರವೂ ಬದಲಿಸದೆ ಪೈಥಾನಿನಿಂದ ಕರೆಯಬಹುದು.

ಅದರಿಂದಲೇ ಶುರುಮಾಡಿ. ಆ ಕ್ಲಾಸನ್ನು ಕಂಪೈಲ್ ಮಾಡಿ ಒಂದು ಫೋಲ್ಡರಿನಲ್ಲಿಡಿ. ಪಿಪ್ ಮೂಲಕ ಜೆಪೈಪ್ ಹಾಕಿಕೊಳ್ಳಿ. ಕ್ಲಾಸ್‌ಪಾತಿಗೆ ಆ ಫೋಲ್ಡರ್ ಕೊಟ್ಟು ಜಾವಾ ಯಂತ್ರ ಎಬ್ಬಿಸಿ, ಜೆಕ್ಲಾಸ್ ಎಂಬುದಕ್ಕೆ ನಿಮ್ಮ ಕ್ಲಾಸಿನ ಪೂರ್ತಿ ಹೆಸರು ಕೊಡಿ. ಕೈಗೆ ಬಂದದ್ದನ್ನು ಪೈಥಾನ್ ಕ್ಲಾಸಿನಂತೆಯೇ ಆವರಣ ಹಾಕಿ ಕರೆದರೆ ಆಬ್ಜೆಕ್ಟ್ ಹುಟ್ಟುತ್ತದೆ. ಅದು ಓಡಿದ ಮೇಲೆ ಐಸಿಯುನ ಜಾವಾ ಜಾರ್ ಫೈಲನ್ನು ಇಳಿಸಿಕೊಂಡು ಕೊಲೇಟರನ್ನು ಕರೆಯಿರಿ.

ಮೊದಲ ಸಲ ಓಡದೆ ಇರಬಹುದು. ಹೆಚ್ಚಾಗಿ ಕಾಣುವ ತೊಂದರೆ ಕ್ಲಾಸ್ ಫೈಲಿನ ಆವೃತ್ತಿಯದು. ಪ್ರತಿ ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟುಗಳು ಅದು ಜಾವಾದ್ದೆಂದು ಸಾರುವ ಗುರುತು, ಅದರ ಬೆನ್ನಿಗೇ ಆವೃತ್ತಿಯ ಸಂಖ್ಯೆ ಇರುತ್ತದೆ: ಜಾವಾ 8ಕ್ಕೆ 52, ಜಾವಾ 11ಕ್ಕೆ 55, ಜಾವಾ 17ಕ್ಕೆ 61, ಜಾವಾ 21ಕ್ಕೆ 65. ಮನೆಯ ಲ್ಯಾಪ್‌ಟಾಪಿನಲ್ಲಿ ಜಾವಾ 17ರಲ್ಲಿ ಕಂಪೈಲ್ ಮಾಡಿದ್ದನ್ನು ಲ್ಯಾಬಿನ ಜಾವಾ 8ರಲ್ಲಿ ಓಡಿಸಲು ಹೋದರೆ, 61ನ್ನು ಓದಲಾರೆ, ನನಗೆ ಗೊತ್ತಿರುವುದು 52ರವರೆಗೆ ಎಂದು ಅದು ನಿಲ್ಲುತ್ತದೆ. ಕಂಪೈಲ್ ಮಾಡುವಾಗಲೇ ರಿಲೀಸ್ 8 ಎಂದು ಹೇಳಿದರೆ ಬಗೆಹರಿಯಿತು. ಇನ್ನೊಂದು, 64 ಬಿಟ್‌ನ ಪೈಥಾನಿನೊಳಗೆ 32 ಬಿಟ್‌ನ ಜಾವಾ ಏಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಕೆಲಸ ಮಾಡುವವರು ಗಮನಿಸಬೇಕಾದದ್ದು: ಒಂದು ಪ್ರೋಸೆಸ್ಸಿನಲ್ಲಿ ಜಾವಾ ಯಂತ್ರ ಏಳುವುದು ಒಂದೇ ಸಲ. ನಿಲ್ಲಿಸಿದ ಮೇಲೆ ಮತ್ತೆ ಎಬ್ಬಿಸಲು ಬರುವುದಿಲ್ಲ, ಕರ್ನೆಲನ್ನೇ ಮರುಪ್ರಾರಂಭಿಸಬೇಕು.

ಎರರ್ ಕೊಟ್ಟು ನಿಲ್ಲುವ ತೊಂದರೆಗಳಿಗೆ ನಾನು ಹೆದರುವುದಿಲ್ಲ. ಸುಮ್ಮನೆ ತಪ್ಪು ಉತ್ತರ ಕೊಡುವವು ನಿಜವಾದ ಅಪಾಯ, ಅವು ಇರುವುದು ಎರಡು ಭಾಷೆಗಳ ಗಡಿಯಲ್ಲೇ. ಜಾವಾದ ಅರೇಲಿಸ್ಟಿನಲ್ಲಿ ರಿಮೂವ್ ಎಂಬ ಹೆಸರಿನ ಮೆಥಡ್ಡುಗಳು ಎರಡಿವೆ. ಒಂದು ಸ್ಥಾನದ ಸಂಖ್ಯೆ ತೆಗೆದುಕೊಂಡು ಅಲ್ಲಿರುವುದನ್ನು ಅಳಿಸುತ್ತದೆ, ಇನ್ನೊಂದು ಆಬ್ಜೆಕ್ಟನ್ನೇ ತೆಗೆದುಕೊಂಡು ಅದನ್ನು ಹುಡುಕಿ ಅಳಿಸುತ್ತದೆ. ಪೈಥಾನಿನಿಂದ ನೀವು 3 ಎಂದು ಕಳಿಸಿದರೆ 3 ಎಂಬ ಸ್ಥಾನಸಂಖ್ಯೆಯೋ, 3 ಎಂಬ ಮೌಲ್ಯವೋ? ಜಾವಾದಲ್ಲಿ ವಿಧವನ್ನು ನೀವೇ ಬರೆದಿರುತ್ತೀರಿ, ಪೈಥಾನಿನಲ್ಲಿ ಬರೆದಿಲ್ಲ. ನಡುವಿನ ಜೆಪೈಪ್ ತನ್ನ ನಿಯಮದಂತೆ ಒಂದನ್ನು ಆರಿಸುತ್ತದೆ. ಇಂಥಲ್ಲಿ ಜೆಇಂಟ್ ಅಥವಾ ಜೆಆಬ್ಜೆಕ್ಟ್ ಎಂದು ಸ್ಪಷ್ಟವಾಗಿ ಹೇಳಿ ಕಳಿಸಿ.

ಬೈಟಿನ ವಿಷಯವೂ ಹಾಗೆಯೇ. ಜಾವಾದ ಬೈಟ್ ಮೈನಸ್ 128ರಿಂದ 127ರವರೆಗೆ, ಪೈಥಾನಿನದು 0ಯಿಂದ 255ರವರೆಗೆ. ಕೊಲೇಟರ್ ಪ್ರತಿ ಪದಕ್ಕೂ ಒಂದು ಕೀಲಿಯನ್ನು, ಅಂದರೆ ಬೈಟುಗಳ ಸಾಲನ್ನು ಕೊಡುತ್ತದೆ. ಕೀಲಿಗಳನ್ನು ಹೋಲಿಸಿದರೆ ಪದಗಳನ್ನೇ ಹೋಲಿಸಿದಂತೆ. ಆ ಸಾಲನ್ನು ಪೈಥಾನಿನ ಬೈಟ್ಸ್ ಆಗಿ ಬದಲಿಸಿದರೆ ಎಲ್ಲ ಸರಿ. ಸಂಖ್ಯೆಗಳ ಲಿಸ್ಟ್ ಮಾಡಿಕೊಂಡರೆ 127 ದಾಟಿದ್ದೆಲ್ಲ ಋಣ ಸಂಖ್ಯೆಯಾಗಿ ಪಟ್ಟಿಯ ತಲೆಗೆ ಏರುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಎರರ್ ಬರುವುದಿಲ್ಲ, ಕ್ರಮ ಮಾತ್ರ ಕೆಟ್ಟಿರುತ್ತದೆ. ಕನ್ನಡ ಬಲ್ಲವರು ಕೂತು ಪಟ್ಟಿ ಓದಿದರೆ ಮಾತ್ರ ಅದು ಗೊತ್ತಾಗುತ್ತದೆ. ಇಲ್ಲಿ ನಿಮಗಿರುವ ಅನುಕೂಲ ಬೇರೆ ಊರಿನ ಪ್ರೋಗ್ರಾಮರಿಗೆ ಇಲ್ಲ.

ಗಡಿ ದಾಟುವುದಕ್ಕೆ ಸಮಯವೂ ಹಿಡಿಯುತ್ತದೆ. ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಬಲ್ಮಠದ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅಷ್ಟು ಪದಗಳನ್ನು ವಿಂಗಡಿಸಲು ಸುಮಾರು 11 ಲಕ್ಷ ಹೋಲಿಕೆಗಳು ಬೇಕು. ಪ್ರತಿ ಹೋಲಿಕೆಗೂ ಪೈಥಾನಿನಿಂದ ಜಾವಾಕ್ಕೆ ಹೋಗಿ ಬಂದರೆ 11 ಲಕ್ಷ ಸಲ ಗಡಿ ದಾಟಿದಂತಾಯಿತು. ಪದಕ್ಕೊಂದು ಕೀಲಿ ಪಡೆದುಕೊಂಡು ಪೈಥಾನಿನಲ್ಲೇ ವಿಂಗಡಿಸಿದರೆ ಅದು ಸುಮಾರು 70,000ಕ್ಕೆ ಇಳಿಯುತ್ತದೆ. ಇಡೀ ಪಟ್ಟಿಯನ್ನು ಒಮ್ಮೆಗೇ ಜಾವಾಕ್ಕೆ ಒಪ್ಪಿಸಿ, ಅಲ್ಲೇ ಕೊಲೇಟರಿನಿಂದ ವಿಂಗಡಿಸಿ ವಾಪಸು ತಂದರೆ ವಿಂಗಡಣೆಯ ಕರೆ ಒಂದೇ. ಸ್ಕ್ರಿಪ್ಟಿಂಗ್ ಭಾಷೆ ನಿಧಾನ ಎಂದು ದೂರುವವರ ಕೋಡಿನಲ್ಲಿ ನಿಧಾನವಾಗಿರುವುದು ಎಷ್ಟೋ ಸಲ ಈ ಓಡಾಟ. ಮೂರನ್ನೂ ಬರೆದು, ಸಮಯ ಅಳೆದು, ಪಕ್ಕಪಕ್ಕ ಇಟ್ಟು ತೋರಿಸಿ. ಪ್ರಾಜೆಕ್ಟ್ ವರದಿಯ ಒಂದು ಇಡೀ ಅಧ್ಯಾಯ ಅದರಲ್ಲೇ ಇದೆ.

ಈಗ ತುಳು. ತುಳು ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ಸೇರಿತು. ಎಷ್ಟೋ ಜನ ಎಷ್ಟೋ ಕಾಲ ದುಡಿದದ್ದಕ್ಕೆ ಸಿಕ್ಕ ಫಲ ಅದು. ಆದರೆ ಆ ಲಿಪಿಗೆ ಸಿಕ್ಕ ಜಾಗ ಕನ್ನಡಕ್ಕೆ ಸಿಕ್ಕಂತೆ ಮೊದಲ 65,536 ಸ್ಥಾನಗಳ ಒಳಗಿಲ್ಲ, ಆಚೆಗಿದೆ. ಪೈಥಾನ್ ಅದರ ಒಂದು ಅಕ್ಷರವನ್ನು ಒಂದು ಎಂದೇ ಎಣಿಸುತ್ತದೆ. ಜಾವಾ ಒಳಗೆ 16 ಬಿಟ್‌ಗಳ ಘಟಕದಲ್ಲಿ ಲೆಕ್ಕ ಇಡುವುದರಿಂದ ಎರಡು ಎನ್ನುತ್ತದೆ. ಜಾವಾ ಕ್ಲಾಸೊಂದು ಪದ ಮುರಿಯುವ ಜಾಗ 10 ಎಂದು ಹೇಳಿದರೆ ಪೈಥಾನಿನಲ್ಲಿ ಆ ಜಾಗ 5 ಆಗಿರಬಹುದು. ಕನ್ನಡ ಲಿಪಿಯಲ್ಲಿ ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದು ಬಿಟ್ಟ ಪ್ರೋಗ್ರಾಂ ತುಳು ಲಿಪಿಯಲ್ಲಿ ಅಕ್ಷರದ ನಡುವೆಯೇ ಕತ್ತರಿಸುತ್ತದೆ. ಇದನ್ನು ಪರೀಕ್ಷಿಸಿ ಬರೆದಿಡುವವರು ಈಗ ಬೇಕು. ಲಿಪಿ ಹೊಸದಾಗಿ ಸೇರಿದ ಈ ವರ್ಷಗಳಲ್ಲಿ ಸಿಕ್ಕ ತಪ್ಪನ್ನು ತಿದ್ದುವುದು ಸುಲಭ, ಎಲ್ಲ ಕಡೆ ಹರಡಿದ ಮೇಲೆ ಕಷ್ಟ. ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ ಅಚ್ಚಾದದ್ದು ಇದೇ ಊರಿನಲ್ಲಿ. ತುಳುವಿನ ಈ ಕೆಲಸವೂ ಇಲ್ಲಿಂದಲೇ ಆಗಲಿ ಎಂಬುದು ನನ್ನ ಆಸೆ.

ಆಸೆಗೆ ಆಧಾರವಿದೆ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ್ದು ಇಲ್ಲಿ. ಜೆಸ್ವಿಟ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ನಿಮ್ಮ ಕಾಲೇಜುಗಳ ಮಗ್ಗುಲಲ್ಲಿ ಕೊಡಿಯಾಲ್‌ಬೈಲ್ ಪ್ರೆಸ್ ನಡೆಸಿದರು. ಇಂದು ಕನ್ನಡ ನಾಡೆಲ್ಲ ಬಳಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್ ಇಲ್ಲೇ ಪಕ್ಕದ ಕಿನ್ನಿಕಂಬಳದವರು. ಅಕ್ಷರವನ್ನು ಯಂತ್ರಕ್ಕೆ ಒಗ್ಗಿಸುವ ಕೆಲಸ ಈ ಊರಿಗೆ ಹೊಸದಲ್ಲ.

ನಿಮ್ಮ ಅಧ್ಯಾಪಕರಿಗೂ ಇಲ್ಲಿಯೇ ಒಂದು ಮಾತು. ಸಿದ್ಧ ಕೋಶ ಬಳಸಿದ ಪ್ರಾಜೆಕ್ಟಿಗೆ “ಇದರಲ್ಲಿ ನೀನು ಬರೆದದ್ದೇನು?” ಎಂದು ಕೇಳುವುದು ನ್ಯಾಯವೇ. ಉತ್ತರವನ್ನೂ ಕೇಳಿಸಿಕೊಳ್ಳಿ. ಗಡಿಯಲ್ಲಿ ವಿಧ ಬದಲಾಗುವುದು, ಜಾವಾದ ಎಕ್ಸೆಪ್ಷನ್ನನ್ನು ಪೈಥಾನಿನಲ್ಲಿ ಹಿಡಿಯುವುದು, ಎರಡು ಕಡೆಯ ಗಾರ್ಬೇಜ್ ಕಲೆಕ್ಟರುಗಳಿಗೆ ಪರಸ್ಪರ ಹಿಡಿದುಕೊಂಡ ಆಬ್ಜೆಕ್ಟುಗಳು ಕಾಣದೆ ಮೆಮೊರಿ ಸೋರುವುದು, ಇವುಗಳನ್ನು ವಿವರಿಸಬಲ್ಲ ವಿದ್ಯಾರ್ಥಿಗೆ ಎರಡೂ ಭಾಷೆ ಬಂದಿದೆ. ಮೊದಲಿನಿಂದ ಬರೆದ, ಅರ್ಧ ಓಡುವ ವಿಂಗಡಣೆಗಿಂತ ಇದಕ್ಕೆ ಹೆಚ್ಚು ಅಂಕ ಸಲ್ಲಬೇಕು. ಕೆಲಸಕ್ಕೆ ಸೇರಿದ ಮೇಲೆ ಈ ಹುಡುಗ ಹುಡುಗಿಯರು ಮಾಡಬೇಕಾಗಿರುವುದೂ ಇದನ್ನೇ. ಹಳೆಯ ಜಾವಾ ಕೋಡನ್ನು ಎಸೆಯಲು ಯಾವ ಬ್ಯಾಂಕೂ ಬಿಡುವುದಿಲ್ಲ, ಮೇಲೆ ಪೈಥಾನಿನಲ್ಲಿ ಹೊಸದು ಕಟ್ಟಿ ಎಂದೇ ಹೇಳುತ್ತದೆ.

ಹಾಗಾಗಿ ಗೆಳೆಯರೇ, ಈ ವರ್ಷ ಒಂದು ತಂಡವಾದರೂ ಹೀಗೆ ಮಾಡಿ. ನಿಮ್ಮ ಕಾಲೇಜು ಗ್ರಂಥಾಲಯದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಗ್ರಂಥಪಾಲಕರ ಅನುಮತಿ ಪಡೆದು ತೆಗೆದುಕೊಳ್ಳಿ. ಪೈಥಾನಿನಲ್ಲಿ ಓದಿ, ಜಾವಾದ ಕೊಲೇಟರಿನಿಂದ ವಿಂಗಡಿಸಿ, ಎರಡು ಬಗೆಯಲ್ಲಿ ಬರೆದ ಒಂದೇ ಹೆಸರುಗಳನ್ನು ಕೂಡಿಸಿ. ಎಲ್ಲೆಲ್ಲಿ ಕೆಟ್ಟಿತು, ಹೇಗೆ ಸರಿಯಾಯಿತು ಎಂಬುದನ್ನು ಕನ್ನಡದಲ್ಲೇ ಬರೆದಿಟ್ಟು ಮುಂದಿನ ವರ್ಷದವರಿಗೆ ಕೊಡಿ. ಇನ್ನೊಂದು ತಂಡ ತುಳು ಲಿಪಿಯನ್ನು ಕೈಗೆತ್ತಿಕೊಳ್ಳಲಿ. ಐಸಿಯು, ಜೆಪೈಪ್ ಎರಡೂ ಮುಕ್ತ ತಂತ್ರಾಂಶ, ಹಣ ಕೊಡಬೇಕಾಗಿಲ್ಲ, ಲ್ಯಾಬಿನಲ್ಲಿ ಈಗಿರುವ ಕಂಪ್ಯೂಟರುಗಳೇ ಸಾಕು. ಕಪಾಟಿನಲ್ಲಿರುವ ಜಾವಾ ರೆಕಾರ್ಡನ್ನು ಈ ವಾರವೇ ಹೊರಗೆ ತೆಗೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಕೊಡಿಯಾಲ್‌ಬೈಲಿನ ಒಬ್ಬ ಪ್ರೋಗ್ರಾಮರ್